ಸಿಂಬೆ

ಚಿಕ್ಕಬಳ್ಳಾಪುರ, ಬಿ.ಬಿ. ರಸ್ತೆ. ಅಂಗಡಿಯವನ
'ಹಗುರ ಮೇಡಂ' ನಂಬದೆ
ಎರಡೂ ಹೆಲ್ಮೆಟ್ಟು ಪಕ್ಕದ ಹೂವಿನ ತಕ್ಕಡಿಗಿಟ್ಟೆ.
ಕೆಂಪು, ಕಾಲು ಕಿಲೋ ಸೇವಂತಿಗೆಗೂ ಒಂದು ಹಿಡಿ ಕಮ್ಮಿ.
ಬೂದು, ಒಂದು ಹಿಡಿ ಜಾಸ್ತಿ.

ಮೂವತ್ತು ವರ್ಷ ಹೂಬುಟ್ಟಿ ಹೊತ್ತ ಗಂಗುಲಮ್ಮ
ಒಳಗೆ ಹೆಬ್ಬೆರಳಿಟ್ಟು ಒತ್ತಿದಳು:
"ತೂಕ ಬಿಡಮ್ಮ. ಸಿಂಬೆ ಸರಿಯಿದ್ರೆ
ಮಣ ಹೊತ್ರೂ ನೆತ್ತೀಗೆ ಗ್ಯಾನ ಇರಲ್ಲ.
ಕೆಂಪುದು ಕಣತಲೆ ಕಚ್ತೈತೆ, ಮಡಗು."

ಬೂದು ತೊಟ್ಟೆ. ಹಿಂದಿನ ತಿರುಪು
ಜಡೆಯ ಬುಡ ಬಿಟ್ಟು ಕೂತಿತು.
ಗದ್ದದ ಪಟ್ಟಿಯಲ್ಲಿ ಎರಡು ಬೆರಳಿನ ಸಂದು.
ತಲೆಯಾಡಿಸಿದೆ, ಅದೂ ಹೂಂ ಅಂದಿತು.

ಭಾನುವಾರ, ನಂದಿಬೆಟ್ಟ.
ಕಿಂಡಿಕಿಂಡಿಯಲ್ಲೂ ಗಾಳಿ; ಏರುವಷ್ಟು ಹೊತ್ತೂ
ಉಸಿರು, ತೊಡೆ, ಮುಂದಿನ ತಿರುವು, ಅಷ್ಟೇ.

ಮೇಲೆ ಚಹಾ ಕುಡಿಯುವಾಗ ನೆನಪಾಗಿ ತೆಗೆದೆ.
ಕಿಂಡಿಯಲ್ಲೊಂದು ಒಣಗಿದ ಸೇವಂತಿಗೆ ಎಸಳು.
ತೂಗುವಾಗ ಇದೂ ಇತ್ತೇನೋ.
ಇರಲಿ ಅಂತ ಬಿಟ್ಟು, ಇಳಿಜಾರಿಗೆ
ಪಟ್ಟಿ ಬಿಗಿದೆ.