ದೀಪ ಎಷ್ಟಕ್ಕ ಆರಸ್ತೀರಿ

ಹಾಸ್ಟೆಲಿನ ಫಾರ್ಮು, ಮೂರನೇ ಪುಟ.
ದೀಪ ಎಷ್ಟಕ್ಕ ಆರಸ್ತೀರಿ?
ನಸುಕಿನ್ಯಾಗ ಏಳ್ತೀರೋ, ಹೊತ್ತೇರಿದ ಮ್ಯಾಲೋ?
ತತ್ತಿ ತಿಂತೀರಾ? ಮಗ್ಗಲಿನಾಕಿ ತಿಂದರ ನಡೀತದಾ?
ಮಾತೃಭಾಷೆ ಯಾವುದು?
ಕಡೀಕ, ಇರಿವಿ ಹರದಂಥ ಅಕ್ಷರದಾಗ:
ಖೋಲಿಯೊಳಗ ಯಾರ ಜೋಡಿ ಇರ್ತೀರಿ, ಹೆಸರು ಬರೀರಿ.

ಹೆಸರು ಊರಾಗೇ ಗಂಟು ಕಟ್ಟಿ ತಂದಿದ್ದೆವು.
ನಾಗಣಸೂರಿನ ಸುಗಲಾ, ತಡವಳದ ಶಿವಲೀಲಾ,
ಕರಜಗಿಯ ತಹಸೀನ್, ನಾನು.
ಅಕ್ಕಲಕೋಟೆ ಕಡೆಯ ಕನ್ನಡ ಸಾಲೀ ಹುಡುಗ್ಯಾರು,
ಒಂದೇ ಜೀಪಿನ್ಯಾಗ ಸೊಲ್ಲಾಪುರಕ್ಕ ಬಂದವರು.
ಹಳೇ ಕಟ್ಟಡದ ಹದಿನಾಲ್ಕನೇ ಖೋಲಿ,
ಬಾಡಿಗಿ ಕಮ್ಮಿ, ನೀರಿನ ಟಾಕಿ ಹತ್ತೇಲಿ.
ಹಗಲೆಲ್ಲ ಮರಾಠಿ ಅಗದು ಅಗದು ದವಡಿ ನೋಯ್ತಾವು,
ರಾತ್ರಿಯಾದರೂ ಆರಾಮ ಇರೂಣು, ಅಂದಳು ಸುಗಲಾ.
ಖರೇನ ಅದು.

ನಾನು ಪೆನ್ನಿನ ಟೊಪ್ಪಿಗಿ ಕಚಗೊಂತ ಕುಂತೆ.

ಫಾರ್ಮಿನ್ಯಾಗ ಕೇಳದಿದ್ದ ಮಾತೊಂದಿತ್ತು.
ನಾನು ನಿದ್ದ್ಯಾಗ ಮಾತಾಡ್ತೀನಿ.
ಬಡಬಡಿಕಿ ಅಲ್ಲ, ತೂಕ ಮಾಡಿ ಕೊಟ್ಟಂಥ ಮಾತು;
ಕೇಳಿದರ ಉತ್ತರಾನೂ ಕೊಡ್ತೀನಂತ.
ಹ್ವಾದ ವರ್ಷ ಬ್ಯಾಸಗ್ಯಾಗ, ಮಾಳಿಗಿ ಮ್ಯಾಲ ಮಲಗಿದಾಗ
ಅಂದುಬಿಟ್ಟೆ: ಅವ್ವ ರೊಕ್ಕ ಇಟ್ಟದ್ದು
ಜ್ವಾಳದ ಗುಮ್ಮಿ ತಳದಾಗ, ಬಿಸ್ಕೀಟಿನ ಡಬ್ಬಿಯೊಳಗ.
ಎಷ್ಟವ್ವ, ಅಂತ ಕೇಳಿದನಂತ ಕಾಕಾ,
ಮೆಲ್ಲಕ, ಕೂಸಿಗೆ ಕೇಳಿದಂಗ.
ಹದಿನೆಂಟು ಸಾವಿರ, ಅಂದೆನಂತ.
ಬೆಳಗಾಗೂದರೊಳಗ ಗುಮ್ಮಿಯ ಬಾಯಿ ತೆರದಿತ್ತು.
ಕಾಕಾನ ಗಾಡಿಗೆ ಎರಡು ಹೊಸಾ ಗಾಲಿ ಬಂದವು,
ನನ್ನ ಕಾಲೇಜು ಒಂದು ವರ್ಷ ಮುಂದಕ ಹ್ವಾತು.
ಅವ್ವ ಬೈಲಿಲ್ಲ.
ಅವತ್ತಿನಿಂದ ಮಲಗೂ ಮುಂದ ನನ್ನ ಬಾಯಿ ನೋಡ್ತಾಳ,
ಹಾಲಿನ ಮ್ಯಾಲಿನ ತಾಟು ಸರದದೇನು ಅಂತ ನೋಡಿದಂಗ.

ತಿಳಿಯೂ ಮಂದಿ ನಡುವ ಹ್ಯಾಂಗ ಮಲಗಲಿ?

ಮಾತೃಭಾಷೆ ಕನ್ನಡ ಅಂತ ಬರದೆ, ಮರಾಠಿ ಲಿಪಿಯೊಳಗ.
ಹೆಸರಿನ ರಕಾನೆ ಹಂಗೇ ಬಿಟ್ಟೆ.
ರೆಕ್ಟರ್ ಬಾಯಿ ಚಾಳೀಸು ಇಳಿಸಿ ಕೇಳಿದರು, ಯಾರೂ ಬ್ಯಾಡೇನ?
ಯಾರಾದರೂ ನಡೀತದ್ರಿ, ಕನ್ನಡ ಬರಲಾರದವರು.
ನನಗ ಮರಾಠಿ ಕಲಿಯೂ ಹುರುಪು ಅಂತ ತಿಳದು
ಶಾಬಾಸ ಅಂದರು.
ಸುಗಲಾ ಪಾವಟಗಿ ಮ್ಯಾಲ ನಿಂತು,
ಶಾರ ಮುಟ್ಟಿದ ಕೂಡಲೇ ನಾವು ನಾರತೀವೇನ, ಅಂದಳು.
ಹೇಳಿದ್ದರ ಆಕಿ ಸತ್ತರೂ ಯಾರ ಮುಂದೂ ಆಡ್ತಿರಲಿಲ್ಲ.
ಹೇಳಲಿಲ್ಲ.
ಎಚ್ಚರ ಇದ್ದಾಗ ನನ್ನ ಬಾಯಿ ಭಾಳ ಬಿಗಿ.

ಇಪ್ಪತ್ತೊಂದನೇ ಖೋಲಿ.
ಮಂಗಳವೇಢೆಯ ಪ್ರಾಜಕ್ತಾ
ಒಂಬತ್ತಕ್ಕ ಕಣ್ಣಿಗೆ ವಸ್ತ್ರ ಕಟಗೊಂಡು ಹೆಣದಂಗ ಮಲಗಾಕಿ.
ಭಿವಂಡಿಯಿಂದ ಬಂದ ತೆಲುಗಿನ ಸ್ರವಂತಿ
ಹಾಸಿಗಿ ಮ್ಯಾಲ ಎದ್ದು ಕುಂತೇ ಇರಾಕಿ.
ದೀಪ ಆರಿಸಿದರೂ ಕತ್ತಲದಾಗ ಆಕಿ ಕಣ್ಣು ಇರ್ತಿದ್ದವು.
ಮೂರನೇ ದಿನ ಹೇಳಿದಳು, ಒಡಕು ಹಿಂದಿಯೊಳಗ:
ನಮ್ಮ ಮನೀ ಗ್ವಾಡಿ ಆಚೀಗೆ ಹದಿನಾರು ಪವರ್‌ಲೂಮು,
ಹಗಲೂ ರಾತ್ರಿ ಖಟಖಟ ಖಟಖಟ.
ಕರೆಂಟು ಹ್ವಾದರ, ಸಪ್ಪಳ ನಿಂತಿತಂತ
ಮನೀ ಮಂದಿಯೆಲ್ಲಾ ಎದ್ದು ಕೂಡ್ತೀವಿ.
ಇಂಥಾ ಸುಮ್ಮನ್ಯಾಗ ನೀವೆಲ್ಲ ನಿದ್ದಿ ಹ್ಯಾಂಗ ಮಾಡ್ತೀರಿ?

ವಾರ ಕಳೀತು. ಆಕಿ ಕಣ್ಣಿನ ಕೆಂಪು ಇಳೀತು.
ಮುಂಜಾನೆ ಬಿಸಿನೀರಿನ ಸಾಲಿನ್ಯಾಗ,
ಖಾಲಿ ಬಕೀಟಿನ ಮ್ಯಾಲ ಬೆರಳು ಬಡಕೊಂತ ಅಂದಳು:
ರಾತ್ರಿ ಒಂದೂವರೀಗೆ ಚಾಲೂ ಆಗ್ತೀ ನೀನು.
ನಿನ್ನ ಕಡೆ ಹೊರಳಿ ಮಲಗ್ತೀನಿ.
ಏನಂತೀ ಅಂತ ತಿಳಿಯೂದಿಲ್ಲ,
ಆದರ ಎಳಿ ಹರಿಯೂದಿಲ್ಲ, ಭಾಳ ಚೊಲೋ ನಿದ್ದಿ.
ನನಗ ನಗು ಬಂತು. ಎದಿ ಹಗುರಾತು, ಒಂದು ಗಳಿಗಿ.

ಒಂದು ಶಬ್ದ ಮಾತ್ರ ದಿನಾ ಬರ್ತದ, ಅಂದಳು, ಗುಮ್ಮಿ.
ನಮ್ಮ ಅಜ್ಜೀ ಊರಾಗೂ ಅದಕ್ಕ ಗುಮ್ಮಿನೇ ಅಂತಾರ.
ಏನಿಟ್ಟೀ ಅದರಾಗ?

ಜ್ವಾಳ, ಅಂದೆ.

ಬರೇ ಜ್ವಾಳ?

ಸಾಲು ಮುಂದಕ ಸರೀತು.
ಆಕಿ ಬಕೀಟು ತಗೊಂಡು ಮೊದಲು ಹ್ವಾದಳು,
ನನಗೂ ಒಂದು ನಳ ಹಿಡದು ನಿಂತಳು.