ಷರಾ

ನಾನು ಪ್ರಮಾಣ ಮಾಡಿದವಳು.
ಸರಕಾರದ ಮುಂದೆ, ಬಲಗೈ ಎತ್ತಿ,
ತುಪ್ಪುಳಿನ ವಿಷಯದಲ್ಲಿ ಸುಳ್ಳಾಡೆನೆಂದು.
ಬೇರೆ ವಿಷಯ ಯಾರೂ ಕೇಳಲಿಲ್ಲ.

ನನ್ನ ಮೊಹರಿಲ್ಲದೆ ಐಡರ್ ಬಾತಿನ ಒಂದು ಹಿಡಿ ತುಪ್ಪುಳೂ
ಐಸ್‌ಲ್ಯಾಂಡಿನ ಕಡಲು ದಾಟುವಂತಿಲ್ಲ.
ಒಸಾಕಾದಲ್ಲಿ ಯಾರೋ ಚಳಿಗೆ ಕಾಲು ಮಡಚಿಕೊಂಡು
ಕಾಯುತ್ತಿದ್ದರೂ ಸರಿ, ಮೊದಲು ನನ್ನ ಬೆರಳು.

ಆಗಸ್ಟ್ ಕೊನೆ. ದೋಣಿ ಇಳಿದರೆ
ಬಾಗಿಲಲ್ಲೇ ಸ್ಟೇನ್‌ವೋರ್, ಕೈಯಲ್ಲಿ ಕಾಫಿ.
ಉಗ್ರಾಣದಲ್ಲಿ ಚೀಲ ಮೂರು. ಹೋದ ವರ್ಷ ಐದಿತ್ತು.
ನರಿ ಬಂತಾ ಅಂದೆ. ನರಿಯಲ್ಲ, ಮಿಂಕ್ ಅಂದಳು.
ಥೋರ್ಲಾಕ್ ಇದ್ದಿದ್ದರೆ ರಾತ್ರಿಯೆಲ್ಲ ಕಾಯುತ್ತಿದ್ದ,
ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಚಿಟಿಕೆ ಹಿಡಿದು ಎತ್ತಬೇಕು, ಅದು ನಿಯಮ.
ಒಳ್ಳೆಯ ತುಪ್ಪುಳು ಒಂದನ್ನೊಂದು ಬಿಡುವುದಿಲ್ಲ,
ಸಣ್ಣ ಊರಿನ ಸುದ್ದಿಯ ಹಾಗೆ:
ಒಂದೆಳೆ ಎತ್ತಿದರೆ ಊರೇ ಎದ್ದು ಬರುತ್ತದೆ.
ಆಮೇಲೆ ಮೂಗು. ಪಾಚಿ ನಾರಕೂಡದು,
ಒಡೆದ ಮೊಟ್ಟೆ ನಾರಕೂಡದು.
ಮರಳು, ಕಡ್ಡಿ, ಗಟ್ಟಿ ಗರಿ, ಏನೂ ಇರಕೂಡದು.
ಕಡಲ ದಂಡೆಯಲ್ಲೇ ಹಾಸಿದ್ದು
ಕಡಲನ್ನೇ ಕಂಡಿಲ್ಲವೆಂಬಂತಿರಬೇಕು.

ಆಮೇಲೆ ನಮೂನೆ.
ಪ್ರಾಣಿಯನ್ನು ಕೊಲ್ಲಲಾಗಿದೆಯೇ? ಇಲ್ಲ.
ಕಿತ್ತದ್ದೋ, ಬಿಟ್ಟದ್ದೋ? ಬಿಟ್ಟದ್ದು.
ತಾಯಿ ಬಾತು ತನ್ನೆದೆಯನ್ನು ತಾನೇ ಕಿತ್ತು
ಮೊಟ್ಟೆಗಳ ಸುತ್ತ ಒತ್ತುವುದಕ್ಕೆ
ಸರಕಾರದ ಬಳಿ ಶಬ್ದವಿಲ್ಲ,
ಆದ್ದರಿಂದ, ಬಿಟ್ಟದ್ದು.
ಮಾಲೀಕರ ಸಹಿ? ಸ್ಟೇನ್‌ವೋರ್ ನಗುತ್ತಾಳೆ:
ಮಾಲೀಕರು ಜೂನ್‌ನಲ್ಲೇ ನೀರಿಗಿಳಿದರು,
ಕೊಡು, ನಾನೇ ಹಾಕ್ತೀನಿ.

ಮೂರನೆಯ ಚೀಲ. ಚಿಟಿಕೆಯ ಜೊತೆ
ಒಂದು ಕೂದಲು ಎದ್ದು ಬಂತು.
ಉದ್ದ. ಬೆಳ್ಳಗೆ.
ಹೋದ ವರ್ಷ ಕೆಂಚಗಿತ್ತು.
ಜುಲೈ ಪೂರ್ತಿ ಒಬ್ಬಳೇ ಕಿಟಕಿಯ ಕೆಳಗೆ ಕೂತು
ಬಗ್ಗಿ ಬಗ್ಗಿ ಕಸ ಆರಿಸುವಾಗ ಬಿದ್ದಿರಬೇಕು.

ಅನ್ಯವಸ್ತು, ಅನ್ನುತ್ತದೆ ನಿಯಮ.
ತಿರಸ್ಕರಿಸು, ಇಲ್ಲವೇ ಷರಾ ಬರೆ.
ಏನಂತ ಬರೆಯಲಿ? ಪ್ರಾಣಿಜನ್ಯ, ಹೌದು.
ಕಿತ್ತದ್ದಲ್ಲ.

ಅವಳು ಒಲೆಯ ಕಡೆ ತಿರುಗಿದ್ದಳು.
ಕೂದಲನ್ನು ಬೆರಳಿಗೆ ಸುತ್ತಿಕೊಂಡೆ,
ಚೀಲದ ಬಾಯಿಗೆ ದಾರ ಬಿಗಿದು ಸೀಸದ ಮೊಹರು ಒತ್ತಿದೆ.
ತೂಕ: ಏಳುನೂರ ಹತ್ತು ಗ್ರಾಂ.
ಷರಾ: ಇಲ್ಲ.
ಮೂವತ್ತೊಂದು ವರ್ಷದಲ್ಲಿ ಮೊದಲ ಸುಳ್ಳು.

ವಾಪಸು ಬರುವಾಗ ಗಾಳಿ ಜೋರಿತ್ತು.
ಹೋಗಲಿ ಎಂದು ಬೆರಳು ಚಾಚಿದೆ.
ಸ್ವೆಟರಿನ ತೋಳಿಗೆ ಸಿಕ್ಕಿಕೊಂಡಿತು,
ಕೊಡವಿದೆ, ಬಿಡಲಿಲ್ಲ.
ನಿಯಮದ ಪ್ರಕಾರ
ಅದು ಮೊದಲ ದರ್ಜೆ.