ಬಾಲ ಯಾವ ಕಡೆಗೆ

ಕ್ಯಾಲೆಂಡರಿನಲ್ಲಿ ಅಮ್ಮನ ಹೆಸರಿರುವ ದಿನ.
ಕುರ್ಜೆಮೆಯ ಈ ಕಡಲಂಚಿನಲ್ಲಿ
ಅದಕ್ಕೆ ಯಾರನ್ನೂ ಕರೆಯುವುದಿಲ್ಲ.
ಬರುವವರು ಬರುತ್ತಾರೆ, ಬೂಟಿನ ಹಿಮ
ಹೊಸಿಲಲ್ಲೇ ಕೊಡವಿ.
ಎಷ್ಟು ಜನ ಅಂತ ಕೇಳಬಾರದು.
ಕೇಳದೆ ಹೇಗೆ, ಎನ್ನುತ್ತಾಳೆ ಅವಳು,
ಮೂವತ್ತೊಂದು ವರ್ಷ ಎಣಿಸಿಯೇ ಉಂಡವಳು.

ಕರಿ ರೈ ಬ್ರೆಡ್ಡು. ತೆಳ್ಳಗೆ ಕೊಯ್ದು
ಎಣ್ಣೆಯಲ್ಲಿ ಗರಿಗರಿ ಮಾಡಿ, ಬಿಸಿಯಿರುವಾಗಲೇ
ಬೆಳ್ಳುಳ್ಳಿ ಎಸಳಿನಿಂದ ಮೈಯುಜ್ಜಬೇಕು.
ಆರಿದ ಮೇಲೆ ಬೆಣ್ಣೆ, ಮೊಟ್ಟೆಯ ಬಿಲ್ಲೆ,
ಉಪ್ಪುನೀರಲ್ಲಿ ಹುಳಿ ಬಂದ ಸೌತೆ.
ಇಷ್ಟು ನನ್ನ ಪಾಲು.
ಮೀನು ಮುಟ್ಟಲು ಬಿಡುವುದಿಲ್ಲ.

ಡಬ್ಬಿಯ ಮುಚ್ಚಳ ಸುರುಳಿಯಾದೊಡನೆ
ಅಡುಗೆಮನೆ ತುಂಬ ಆಲ್ಡರ್ ಕಟ್ಟಿಗೆಯ ಹೊಗೆ.
ಬೆರಳುದ್ದದ ಸ್ಪ್ರಾಟ್ ಮೀನು, ಹಳೇ ಹಿತ್ತಾಳೆಯ ಬಣ್ಣ,
ಒಂದರ ಬೆನ್ನಿಗೆ ಇನ್ನೊಂದರ ಹೊಟ್ಟೆ.
ಕನ್ನಡಕ ಏರಿಸಿ
ಬಂದ ಕಾಗದ ಓದುವಂತೆ ಓದುತ್ತಾಳೆ:
"ಇವಳು ಎಡಗೈಯವಳು."
ಎರಡನೆಯದಕ್ಕೆ, "ಹೊಸಬಳು, ಪಾಪ,
ಬೆರಳಿಗಿನ್ನೂ ಹೆದರಿಕೆ."
ಮೂರನೆಯದಕ್ಕೆ,
"ಇವಳಿಗೆ ಬಸ್ಸು ತಪ್ಪುವ ಹೊತ್ತಾಗಿತ್ತು."

ನಮ್ಮೂರ ಕಾರ್ಖಾನೆಯ ಕಿಟಕಿಗೀಗ ಹಲಗೆ ಹೊಡೆದಿದ್ದಾರೆ.
ಇವು ಬೇರೆ ಯಾವುದೋ ಊರಿನ ಡಬ್ಬಿ.
ಆ ಹೆಂಗಸರ ಮುಖ ಕಂಡವಳಲ್ಲ,
ಆದರೂ ಬೈಯುತ್ತಾಳೆ, ಮೆಚ್ಚುತ್ತಾಳೆ,
ಒಬ್ಬಳಿಗೆ ಮದುವೆಯಾಗಿಲ್ಲವೆಂದು ಕೊರಗುತ್ತಾಳೆ.

ನಾನು ಶಾಲೆಗೆ ಹೋಗುವಾಗ
ಅವಳ ಕೋಟು, ಕೂದಲು, ದಿಂಬು,
ನನ್ನ ಗಣಿತದ ಪುಸ್ತಕ ಕೂಡ ಇದೇ ವಾಸನೆ.
ಒಮ್ಮೆ ಗೆಳತಿಯರೆದುರು
ಅವಳ ಕೈಯಿಂದ ಕೈ ಬಿಡಿಸಿಕೊಂಡಿದ್ದೆ.
ಆ ಮಾತು ಇವತ್ತಿಗೂ ಇಬ್ಬರೂ ಎತ್ತಿಲ್ಲ.
ಸಬ್ಬಸಿಗೆ ಹೆಚ್ಚು, ಎನ್ನುತ್ತಾಳೆ.
ಹೆಚ್ಚುತ್ತೇನೆ, ಬೇಕಾದ್ದಕ್ಕಿಂತ ಸಣ್ಣಗೆ.

ತುಂಡಿಗೆರಡು ಮೀನು, ಬಾಲ ಎಡಕ್ಕೆ.
ನಲವತ್ತು ತುಂಡು, ಬಾಲವೆಲ್ಲ ಎಡಕ್ಕೆ.
ತಟ್ಟೆಯಂಚಿನ ಕೊನೆಯದರಲ್ಲಿ
ಒಂದನ್ನು ತಿರುಗಿಸಿಟ್ಟಳು.
"ಅಮ್ಮಾ, ಅದು ಉಲ್ಟಾ."
"ಇರಲಿ ಬಿಡು."

ಕತ್ತಲಾಗುತ್ತಲೇ ಬಾಗಿಲ ಸದ್ದು. ಸ್ಕೈದ್ರೀತೆ,
ಪ್ಯಾಕಿಂಗ್ ಸಾಲಿನಲ್ಲಿ ಇವಳ ಬಲಕ್ಕೆ ನಿಂತವಳು,
ಈಗ ಕೋಲೂರಿ, ಒಂದು ಕಣ್ಣಿಗೆ ಪೊರೆ.
ಐದು ಹೂ ನನ್ನ ಕೈಗೆ ತುರುಕಿ
ಕೋಟೂ ಬಿಚ್ಚದೆ ಮೇಜಿನ ಮೇಲೆ ಬಾಗಿದಳು,
ಮೂಗು ತಾಗುವಷ್ಟು.
ನಲವತ್ತರಲ್ಲಿ ಆ ಒಂದನ್ನೇ ಎತ್ತಿ ಕಚ್ಚಿ,
ಬಾಯಿ ತುಂಬಿಕೊಂಡೇ,
"ವೆಲ್ತಾ," ಎಂದಳು,
"ಆ ಮೇಸ್ತ್ರಿಗೆ ಕೊನೆಗೂ ಗೊತ್ತಾಗಲಿಲ್ಲ ನೋಡು."